ಬೆಂಗಳೂರಿಂದ ಟೋಕಿಯೊಗೆ ಹೋಗೋಕೆ ಹನ್ನೊಂದೂವರೆ ಗಂಟೆ, ಬರೋಕೆ ಆರೇ ಗಂಟೆನಾ?

ಕುಕ್ಕರಹಳ್ಳಿ ದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವನು. ನನ್ನ ತಂಗಿ ಟೋಕಿಯೊ ಪಕ್ಕದ ಚಿಬಾದಲ್ಲಿದ್ದಾಳೆ. ಜನವರಿ ಕೊನೆಗೆ ಡೆಲಿವರಿ ಡೇಟ್ ಕೊಟ್ಟಿದ್ದಾರೆ. ಬಾಣಂತನಕ್ಕೆ ಅಂತ ಅಮ್ಮ ಹೋಗುತ್ತಿದ್ದಾರೆ. ಅಮ್ಮನಿಗೆ 64 ವರ್ಷ. ಇದುವರೆಗೆ ವಿಮಾನ ಹತ್ತಿದ್ದು ಒಂದೇ ಸಲ, ಬೆಂಗಳೂರಿಂದ ದೆಹಲಿಗೆ, ಆಗ ನಾವೆಲ್ಲ ಜೊತೆಯಲ್ಲಿದ್ದೆವು. ಈ ಸಲ ಒಬ್ಬರೇ.

ನೇರ ವಿಮಾನಕ್ಕೇ ಟಿಕೆಟ್ ಮಾಡಿಸಿದ್ದೇವೆ, ಬೆಂಗಳೂರಿಂದ ಟೋಕಿಯೊದ ನರಿತಾ ಏರ್‌ಪೋರ್ಟ್‌ಗೆ. ಹೋಗುವುದು ಜನವರಿ 15ರ ರಾತ್ರಿ 2:30ಕ್ಕೆ, ಅಲ್ಲಿ ಇಳಿಯುವುದು ಮಧ್ಯಾಹ್ನ 2:00ಕ್ಕೆ. ವಾಪಸ್ ಬರುವುದು ಮಾರ್ಚ್ 28ರ ಸಂಜೆ 6:30ಕ್ಕೆ, ಇಲ್ಲಿ ಇಳಿಯುವುದು ರಾತ್ರಿ 12:40ಕ್ಕೆ.

ಅಮ್ಮ ಇದನ್ನೆಲ್ಲ ಒಂದು ಹಳೇ ಲಗ್ನಪತ್ರಿಕೆಯ ಹಿಂದೆ ಬರೆದುಕೊಂಡು, ಬೆರಳು ಮಡಿಚಿ ಲೆಕ್ಕ ಹಾಕಿ, ನಿನ್ನೆ ಕೇಳಿದರು: "ಹೋಗುವಾಗ ಹನ್ನೊಂದೂವರೆ ಗಂಟೆ, ಬರುವಾಗ ಆರು ಗಂಟೆ ಹತ್ತು ನಿಮಿಷ. ಅದೇ ದಾರಿ ತಾನೇ ಕಣೋ? ಹೋಗುವಾಗ ಎಲ್ಲಾದರೂ ಸುತ್ತಾಡಿಸಿಕೊಂಡು ಹೋಗ್ತಾರಾ?"

ಟೈಮ್ ವ್ಯತ್ಯಾಸ ಇರುತ್ತೆ ಅಮ್ಮ ಅಂದೆ. ಆದರೆ ನಾನೇ ಕೂತು ಕೂಡಿ ಕಳೆದು ನೋಡಿದರೆ ಆಗಲೂ ಎರಡು ಕಡೆ ಒಂದೇ ಲೆಕ್ಕ ಬರಲಿಲ್ಲ. ಟಿಕೆಟ್‌ನಲ್ಲಿ ಸಣ್ಣ ಅಕ್ಷರದಲ್ಲಿ ಹೋಗುವಾಗ 8 ಗಂಟೆ, ಬರುವಾಗ 9 ಗಂಟೆ 40 ನಿಮಿಷ ಅಂತಲೇ ಇದೆ. ಅಂದರೆ ಅಮ್ಮ ಹೇಳಿದ್ದಕ್ಕೆ ಪೂರ್ತಿ ಉಲ್ಟಾ, ಬರುವುದೇ ಜಾಸ್ತಿ ಹೊತ್ತು. ಒಂದೇ ವಿಮಾನ, ಒಂದೇ ದೂರ, ಒಂದು ಗಂಟೆ ನಲವತ್ತು ನಿಮಿಷ ಎಲ್ಲಿಂದ ಬಂತು?

ನಿಜವಾದ ದೂರ ಎಷ್ಟು ಅನ್ನುವುದನ್ನೂ ಹೇಳಿ. ಒಂದು ಕಡೆ 6,700 ಕಿ.ಮೀ. ಅಂತ ಇದೆ, ಇನ್ನೊಂದು ಕಡೆ 8,500 ಅಂತ ಇದೆ. ಅಮ್ಮನಿಗೆ ಸರಿಯಾಗಿ ಬಿಡಿಸಿ ಹೇಳಬೇಕು. ಅವರಿಗೆ ಅರ್ಥ ಆದರೆ ಅರ್ಧ ಭಯ ಹೋಗುತ್ತದೆ, ಅದು ನನಗೆ ಗೊತ್ತು.

---

ನರಿತಾ ಲೈನ್

ಮೊದಲು ಗಡಿಯಾರದ ವಿಷಯ ಮುಗಿಸಿಬಿಡೋಣ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ವರ್ಷಪೂರ್ತಿ ಅಷ್ಟೇ. ಯೂರೋಪು ಅಮೆರಿಕದ ತರ ಬೇಸಿಗೆಗೊಂದು ಚಳಿಗಾಲಕ್ಕೊಂದು ಟೈಮ್ ಅಲ್ಲಿಲ್ಲ, ನಮ್ಮಲ್ಲೂ ಇಲ್ಲ.

ಯಾಕೆ ಮೂರೂವರೆ ಅಂತ ಅಮ್ಮ ಕೇಳಿದರೆ ಹೀಗೆ ಹೇಳಿ. ನಮ್ಮ ದೇಶದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುತ್ತದಲ್ಲ, ಅದು. ಜಪಾನಿನದು 135 ಡಿಗ್ರಿಯದು, ಕೋಬೆ ಪಕ್ಕದ ಆಕಾಶಿ ಊರಿನ ಮೇಲೆ ಹೋಗುತ್ತದೆ. ಮಧ್ಯೆ 52.5 ಡಿಗ್ರಿ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಒಟ್ಟು 210 ನಿಮಿಷ, ಅಂದರೆ ಮೂರೂವರೆ ಗಂಟೆ.

ಈಗ ಲೆಕ್ಕ. ಮಧ್ಯಾಹ್ನ 2:00 ಅನ್ನುವುದು ಅಲ್ಲಿನ ಗಂಟೆ. ಆಗ ನಿಮ್ಮ ಮನೆ ಗಡಿಯಾರದಲ್ಲಿ ಬೆಳಗ್ಗೆ 10:30. ರಾತ್ರಿ 2:30ರಿಂದ ಬೆಳಗ್ಗೆ 10:30ಕ್ಕೆ ಎಂಟು ಗಂಟೆ. ಬರುವಾಗ ಅಲ್ಲಿ ಸಂಜೆ 6:30 ಅಂದರೆ ಮೈಸೂರಲ್ಲಿ ಮಧ್ಯಾಹ್ನ 3:00. ಮೂರರಿಂದ ರಾತ್ರಿ 12:40ಕ್ಕೆ ಒಂಬತ್ತು ಗಂಟೆ ನಲವತ್ತು ನಿಮಿಷ. ಟಿಕೆಟ್‌ನಲ್ಲಿರುವುದೇ ಸರಿ.

ಅಮ್ಮನಿಗೆ ಎರಡೂ ಗಂಟೆಯನ್ನು ಮೈಸೂರು ಟೈಮಿನಲ್ಲೇ ಬರೆದುಕೊಡಿ. ಬೇರೆ ಏನೂ ಬೇಡ. ನಮ್ಮತ್ತೆಗೆ ನಾನು ಹಾಗೇ ಮಾಡಿದ್ದು, ಆಮೇಲೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

---

ಬಸವೇಶ್ವರ ಸರ್ಕಲ್

ಒಂದು ಗಂಟೆ ನಲವತ್ತು ನಿಮಿಷದ ವ್ಯತ್ಯಾಸ ಭೂಮಿ ತಿರುಗುವುದರಿಂದ ಇರಬೇಕು ಅಲ್ವಾ? ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ. ವಿಮಾನವೂ ಪೂರ್ವಕ್ಕೆ ಹೋಗುತ್ತದೆ, ಜೊತೆಗೆ ಸೇರಿಕೊಂಡು ಬೇಗ ಹೋಗುತ್ತದೆ. ನಾನು ಹಾಗೇ ತಿಳಿದುಕೊಂಡಿದ್ದೆ. ತಪ್ಪಿದ್ದರೆ ತಿದ್ದಿ.

---

ಭೂಗೋಳದ ಮೇಷ್ಟ್ರು

ತಪ್ಪು ಅಂತ ಬೇಜಾರು ಮಾಡಿಕೊಳ್ಳಬೇಡಿ, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದ್ದೇನೆ, ಪ್ರತಿ ವರ್ಷ ಯಾರಾದರೂ ಒಬ್ಬರು ಇದನ್ನು ಹೇಳುತ್ತಿದ್ದರು. ನೀವೇ ಒಂದು ಕ್ಷಣ ಯೋಚಿಸಿ. ಭೂಮಿ ಮಾತ್ರ ತಿರುಗಿ ಗಾಳಿ ನಿಂತಲ್ಲೇ ನಿಂತಿದ್ದರೆ, ಪೂರ್ವದಲ್ಲಿರುವ ಟೋಕಿಯೊ ವಿಮಾನದಿಂದ ದೂರ ದೂರ ಓಡಬೇಕಿತ್ತು. ಆಗ ಹೋಗುವುದಕ್ಕೇ ಜಾಸ್ತಿ ಹೊತ್ತು ಬೇಕಾಗುತ್ತಿತ್ತು. ನಿಜದಲ್ಲಿ ಹೋಗುವುದೇ ಬೇಗ. ಭೂಮಿಯ ಜೊತೆ ಗಾಳಿಯೂ ತಿರುಗುತ್ತದೆ, ವಿಮಾನವೂ ಆ ಗಾಳಿಯೊಳಗೇ ಇರುತ್ತದೆ. ಓಡುವ ಬಸ್ಸಿನೊಳಗೆ ಡ್ರೈವರ್ ಕಡೆ ನಡೆದರೂ ಹಿಂದಿನ ಸೀಟಿಗೆ ನಡೆದರೂ ನಿಮಗೆ ಹಿಡಿಯುವ ಹೊತ್ತು ಒಂದೇ ಅಲ್ವಾ, ಹಾಗೆ.

ಉತ್ತರ ಇರುವುದು ಬರೀ ಗಾಳಿಯಲ್ಲಿ. ಇದನ್ನು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಯಾಕೆಂದರೆ ಈ ಒಂದು ದಾರಿಯಲ್ಲಿ ಅದು ಕಾಣುವಷ್ಟು ಚೆನ್ನಾಗಿ ಬೇರೆ ಎಲ್ಲೂ ಕಾಣುವುದು ಕಷ್ಟ.

ನೆಲದಿಂದ ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಒಂದು ಗಾಳಿಯ ಹೊಳೆ ಹರಿಯುತ್ತದೆ. ಇಂಗ್ಲಿಷಿನವರು ಜೆಟ್ ಸ್ಟ್ರೀಮ್ ಅನ್ನುತ್ತಾರೆ. ಅಗಲ ನೂರಾರು ಕಿ.ಮೀ., ದಪ್ಪ ಮಾತ್ರ ಕೆಲವೇ ಕಿ.ಮೀ. ಉತ್ತರದ ತಣ್ಣನೆ ಗಾಳಿ ದಕ್ಷಿಣದ ಬಿಸಿ ಗಾಳಿಗೆ ತಾಗುವ ಕಡೆ ಇದು ಹುಟ್ಟುತ್ತದೆ. ಎರಡರ ಬಿಸಿಯಲ್ಲಿ ವ್ಯತ್ಯಾಸ ಜಾಸ್ತಿ ಆದಷ್ಟೂ ಓಟ ಜಾಸ್ತಿ. ಚಳಿಗಾಲದಲ್ಲಿ ಸೈಬೀರಿಯಾದ ಕೊರೆಯುವ ಗಾಳಿ ಒಂದು ಕಡೆ, ಪೆಸಿಫಿಕ್ ಸಾಗರದ ಬೆಚ್ಚನೆ ಗಾಳಿ ಇನ್ನೊಂದು ಕಡೆ, ಎರಡೂ ಮುಖಾಮುಖಿ ಆಗುವುದು ಜಪಾನಿನ ಮೇಲೆಯೇ. ಅದೂ ಸಾಲದು ಅಂತ ಟಿಬೆಟ್ ಕಡೆಯಿಂದ ಬರುವ ಎರಡು ಕವಲು ಅಲ್ಲೇ ಬಂದು ಸೇರುತ್ತವೆ. ಹಾಗಾಗಿ ಜಗತ್ತಿನಲ್ಲೇ ಅತಿ ಜೋರಾದ ಜೆಟ್ ಸ್ಟ್ರೀಮ್ ಇರುವ ಜಾಗಗಳಲ್ಲಿ ಚಳಿಗಾಲದ ಜಪಾನ್ ಒಂದು. ಗಂಟೆಗೆ 250 ಕಿ.ಮೀ. ಅಲ್ಲಿ ದೊಡ್ಡ ಸುದ್ದಿಯೇ ಅಲ್ಲ.

ಇದನ್ನು ಮೊದಲು ಅಳೆದು ಬರೆದಿಟ್ಟವರೂ ಜಪಾನಿನವರೇ. ಓಇಶಿ ವಾಸಾಬುರೊ ಅಂತ. ಈಗಿನ ತ್ಸುಕುಬಾ ಊರಿನೊಳಗೇ ಇರುವ ತಾತೆನೊ ವೀಕ್ಷಣಾಲಯದಲ್ಲಿ ಅವರು ಬಲೂನು ಹಾರಿಸಿ, ಅದು ಎತ್ತ ಹೋಗುತ್ತದೆ ಅಂತ ದುರ್ಬೀನಿನಂಥ ಅಳತೆ ಸಾಧನದಲ್ಲಿ ಕಣ್ಣಿಟ್ಟು ನೋಡಿ, ದಿನಾ ಬರೆದುಕೊಂಡರು. 1926ರಲ್ಲಿ ವರದಿ ಅಚ್ಚು ಮಾಡಿದರು. ಹೊರಗಿನವರೂ ಓದಲಿ ಅಂತ ಎಸ್ಪೆರಾಂಟೊ ಭಾಷೆಯಲ್ಲಿ ಬರೆದರು, ಎಲ್ಲ ದೇಶದವರಿಗೂ ಒಂದೇ ಇರಲಿ ಅಂತ ಹೊಸದಾಗಿ ಕಟ್ಟಿದ ಭಾಷೆ ಅದು. ಓದಿದವರು ತೀರಾ ಕಡಿಮೆ. ಕೊನೆಗೆ 1944ರಲ್ಲಿ ಅಮೆರಿಕದ ಬಿ-29 ಬಾಂಬರ್ ವಿಮಾನಗಳು ಟೋಕಿಯೊ ಮೇಲೆ ಒಂಬತ್ತು ಕಿ.ಮೀ. ಎತ್ತರದಲ್ಲಿ ಬಂದಾಗ ಅವರಿಗೆ ಈ ಗಾಳಿ ಸಿಕ್ಕಿತು. ಅಷ್ಟು ಹೊತ್ತಿಗೆ ಓಇಶಿ ಬರೆದು ಹದಿನೆಂಟು ವರ್ಷ ಆಗಿತ್ತು. ಈ ಮನುಷ್ಯನ ವಿಷಯ ಪಾಠಪುಸ್ತಕದಲ್ಲಿ ಇರಬೇಕಿತ್ತು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಈಗ ನಿಮ್ಮ ಒಂದು ಗಂಟೆ ನಲವತ್ತು ನಿಮಿಷಕ್ಕೆ ಬರೋಣ. ವಿಮಾನ ಗಾಳಿಯೊಳಗೆ ಗಂಟೆಗೆ 900 ಕಿ.ಮೀ. ಹೋಗುತ್ತದೆ ಅಂತಿಟ್ಟುಕೊಳ್ಳಿ. ದಾರಿಯ ಕೊನೆಯ 3,000 ಕಿ.ಮೀ. ಅಂದರೆ ಚೀನಾದಿಂದ ಜಪಾನಿನವರೆಗೆ, ಸರಾಸರಿ 150 ಕಿ.ಮೀ. ಗಾಳಿ ಇದೆ ಅನ್ನಿ. ಹೋಗುವಾಗ ಗಾಳಿ ಬೆನ್ನಿಗೆ. 1,050ರಂತೆ ಹೋದರೆ ಆ 3,000 ಕಿ.ಮೀ.ಗೆ 2 ಗಂಟೆ 51 ನಿಮಿಷ. ಬರುವಾಗ ಗಾಳಿ ಮುಖಕ್ಕೆ. 750ರಂತೆ ಬಂದರೆ ಸರಿಯಾಗಿ 4 ಗಂಟೆ. ಈ ಒಂದು ತುಂಡಿನಲ್ಲೇ 69 ನಿಮಿಷದ ವ್ಯತ್ಯಾಸ ಬಂತು ನೋಡಿ. ಉಳಿದ ದಾರಿಯಲ್ಲೂ ಚಳಿಗಾಲದಲ್ಲಿ ಸ್ವಲ್ಪ ಸ್ವಲ್ಪ ಗಾಳಿ ಇರುತ್ತದೆ, ಬಾಕಿ ಅಲ್ಲಿ ತುಂಬುತ್ತದೆ.

ಇನ್ನೊಂದು ಮಾತು. ಹೋಗುವಾಗ ಉಳಿದದ್ದು ಬರುವಾಗ ಹೋಗುತ್ತದೆ, ಸರಿಹೋಯಿತು ಅಂತ ಅನ್ನಿಸುತ್ತದೆ. ಹಾಗಲ್ಲ. ಗಾಳಿಯೇ ಇಲ್ಲದಿದ್ದರೆ ಆ 3,000 ಕಿ.ಮೀ. ಎರಡು ಸಲಕ್ಕೆ 6 ಗಂಟೆ 40 ನಿಮಿಷ ಸಾಕಿತ್ತು. ಗಾಳಿ ಇದ್ದಾಗ 6 ಗಂಟೆ 51 ನಿಮಿಷ. ಎದುರು ಗಾಳಿಯಲ್ಲಿ ಕಳೆಯುವ ಹೊತ್ತೇ ಜಾಸ್ತಿ, ಅದಕ್ಕೆ. ಹೊಳೆಯಲ್ಲಿ ಹರಿಗೋಲು ಹಾಕಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಬೇಸಿಗೆಯಲ್ಲಿ ಈ ಹೊಳೆ ಉತ್ತರಕ್ಕೆ ಸರಿದು ಸೊರಗುತ್ತದೆ. ಆಗ ಎರಡು ಕಡೆಯ ವ್ಯತ್ಯಾಸವೂ ಇಳಿಯುತ್ತದೆ. ನಿಮ್ಮ ತಾಯಿ ಹೋಗುತ್ತಿರುವುದು ಜನವರಿಯಲ್ಲಿ, ಅದು ಗಾಳಿ ಜೋರಾಗಿರುವ ಕಾಲ. ಆದ್ದರಿಂದ ಟಿಕೆಟ್‌ನಲ್ಲಿ ಹಾಕಿರುವುದಕ್ಕಿಂತ ಹದಿನೈದು ಇಪ್ಪತ್ತು ನಿಮಿಷ ಮುಂಚೆಯೇ ಇಳಿದರೆ ಆಶ್ಚರ್ಯಪಡಬೇಡಿ. ತಂಗಿಗೆ ಬೇಗ ಬಂದು ನಿಲ್ಲಲು ಹೇಳಿ.

---

ಬಸವೇಶ್ವರ ಸರ್ಕಲ್

ಬಸ್ಸಿನ ಉದಾಹರಣೆಗೇ ತಲೆಯಲ್ಲಿ ದೀಪ ಹತ್ತಿತು ಸಾರ್. ಓಇಶಿ ಬಗ್ಗೆ ಇವತ್ತೇ ಕೇಳಿದ್ದು. ತುಂಬಾ ಥ್ಯಾಂಕ್ಸ್.

---

ಕುಕ್ಕರಹಳ್ಳಿ ದಂಡೆ

ಮೇಷ್ಟ್ರೇ, ಇದನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವರ ಊರು ಕಪಿಲಾ ನದಿ ದಂಡೆ. ಹರಿಗೋಲು ಅಂದ ಕೂಡಲೇ "ಹೂಂ, ಅಷ್ಟೇನಾ" ಅಂದರು! ಅಪ್ಪನ ಮನೆಗೆ ಹೋಗುವಾಗ ನೀರಿನ ಜೊತೆ, ಬರುವಾಗ ನೀರಿಗೆ ಎದುರು, ಅಂಬಿಗ ಬರುವಾಗ ಬೆವರುತ್ತಿದ್ದ ಅಂತ ಅರ್ಧ ಗಂಟೆ ಅದೇ ಕಥೆ.

ದೂರದ ವಿಷಯ ಮಾತ್ರ ಉಳಿಯಿತು. 6,700 ಸರಿಯೋ 8,500 ಸರಿಯೋ? ಇನ್ನೊಂದು ಏನೆಂದರೆ ವಿಮಾನ ಚೀನಾ ಮೇಲೆ ಹೋಗುತ್ತದೆ ಅಂದಿರಿ. ಗೋಡೆ ನಕ್ಷೆಯಲ್ಲಿ ಸ್ಕೇಲ್ ಇಟ್ಟರೆ ಗೆರೆ ಲಾವೋಸ್, ವಿಯೆಟ್ನಾಂ ಮೇಲೆ ಹೋಗುತ್ತದಲ್ಲ?

---

ನೂಲು ಮತ್ತು ಗ್ಲೋಬ್

ಗೋಡೆ ನಕ್ಷೆ ತೆಗೆದಿಡಿ. ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ತನ್ನಿ. ನನ್ನ ಮಗಳದು 30 ಸೆಂ.ಮೀ. ಅಡ್ಡಳತೆಯದು, ಈಗ ಮೇಜಿನ ಮೇಲೆ ಇಟ್ಟುಕೊಂಡೇ ಬರೆಯುತ್ತಿದ್ದೇನೆ. ಹೊಲಿಗೆ ನೂಲಿನ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಟೋಕಿಯೊ ಹತ್ತಿರ ಬಿಗಿಯಾಗಿ ಎಳೆಯಿರಿ. ಸಡಿಲ ಬಿಡಬೇಡಿ. ನೂಲು ತಾನೇ ಜಾರಿ ಅತಿ ಹತ್ತಿರದ ದಾರಿಯಲ್ಲಿ ಕೂರುತ್ತದೆ.

ನೆಲ್ಲೂರಿನ ಹತ್ತಿರ ಕರಾವಳಿ ದಾಟುತ್ತದೆ. ಬಂಗಾಳ ಕೊಲ್ಲಿಯನ್ನು ಓರೆಯಾಗಿ ಹಾದು ಮ್ಯಾನ್ಮಾರ್ ಸೇರಿ, ಮಾಂಡಲೆಯ ಉತ್ತರಕ್ಕೆ ಹೋಗಿ, ಚೀನಾದ ಯುನ್ನಾನ್ ಹೊಕ್ಕು, ವುಹಾನ್ ಪಕ್ಕ, ಶಾಂಘೈನ ಉತ್ತರಕ್ಕೆ ಸಮುದ್ರಕ್ಕಿಳಿದು, ಕೊರಿಯಾದ ಕೆಳಗೆ ಜೆಜು ದ್ವೀಪದ ಹತ್ತಿರ ಹಾದು ಜಪಾನ್ ಮುಟ್ಟುತ್ತದೆ. ಚಪ್ಪಟೆ ನಕ್ಷೆಯಲ್ಲಿ ಇದೇ ದಾರಿ ಉತ್ತರಕ್ಕೆ ಬಿಲ್ಲಿನಂತೆ ಬಾಗಿ ಕಾಣುತ್ತದೆ. ದುಂಡಗಿರುವ ಕಿತ್ತಳೆ ಸಿಪ್ಪೆಯನ್ನು ಚಪ್ಪಟೆ ಮಾಡಲು ಹೋದರೆ ಎಲ್ಲೋ ಹಿಗ್ಗಲೇಬೇಕಲ್ಲ.

ನೂಲನ್ನು ಸ್ಕೇಲ್‌ಗೆ ಹಿಡಿದರೆ 16 ಸೆಂ.ಮೀ.ಗೆ ಒಂದು ಕೂದಲು ಕಡಿಮೆ, 15.8 ಅನ್ನಿ. ಗ್ಲೋಬ್‌ನ ಸುತ್ತಳತೆ 94 ಸೆಂ.ಮೀ. ಚಿಲ್ಲರೆ, ಭೂಮಿಯದು 40,000 ಕಿ.ಮೀ. ಗುಣಿಸಿ ನೋಡಿ, 6,700 ಕಿ.ಮೀ. ಬರುತ್ತದೆ. ದೇವನಹಳ್ಳಿಯಿಂದ ನರಿತಾದವರೆಗಿನ ನೇರ ದೂರ ಅಷ್ಟೇ.

ನೀವು ಸ್ಕೇಲ್ ಇಟ್ಟು ಎಳೆದ ಗೆರೆ ಇದೆಯಲ್ಲ, ಅದರ ಮೇಲೆ ಹೋದರೂ ಈ ದಾರಿಯಲ್ಲಿ ಜಾಸ್ತಿ ಆಗುವುದು ಅರವತ್ತು ಎಪ್ಪತ್ತು ಕಿ.ಮೀ. ಮಾತ್ರ. ಹೆಚ್ಚು ಉತ್ತರದಲ್ಲಿರುವ ಊರುಗಳ ನಡುವೆ ಆದರೆ ಈ ವ್ಯತ್ಯಾಸ ತುಂಬಾ ದೊಡ್ಡದು. ನಾವು ಸಮಭಾಜಕದ ಹತ್ತಿರ ಇರುವುದರಿಂದ ಅಷ್ಟು ಕಾಣುವುದಿಲ್ಲ. ಹಾಗೆ ನೋಡಿದರೆ ನಿಜವಾದ ವಿಮಾನವೂ ನೂಲಿನ ಮೇಲೆಯೇ ಹೋಗುವುದಿಲ್ಲ. ಆ ದಿನದ ಗಾಳಿ ನೋಡಿ, ಆ ದೇಶಗಳು ಬಿಟ್ಟಿರುವ ಆಕಾಶದ ದಾರಿ ನೋಡಿ ಗೊತ್ತು ಮಾಡುತ್ತಾರೆ. ಬರುವಾಗ ಎದುರು ಗಾಳಿ ತಪ್ಪಿಸಿಕೊಳ್ಳಲು ದೂರ ಜಾಸ್ತಿ ಆದರೂ ಪರವಾಗಿಲ್ಲ ಅಂತ ದಕ್ಷಿಣಕ್ಕೆ ಸುತ್ತಿ ಬರುವುದೂ ಉಂಟು.

ಇನ್ನು 8,500. ಅದು ಸಿಂಗಾಪುರದ ಮೂಲಕ ಹೋದರೆ ಆಗುವ ದೂರ. ಬೆಂಗಳೂರು–ಸಿಂಗಾಪುರ ಸುಮಾರು 3,200, ಅಲ್ಲಿಂದ ನರಿತಾ ಸುಮಾರು 5,350. ಸಿಂಗಾಪುರ ಇರುವುದು ಕೆಳಗೆ, ಸಮಭಾಜಕದ ಹತ್ತಿರ. ಇಳಿದು ಮತ್ತೆ ಹತ್ತಬೇಕು. ಬ್ಯಾಂಕಾಕ್ ಮೂಲಕ ಆದರೆ 7,150 ಹತ್ತಿರ. ಹಾಂಗ್‌ಕಾಂಗ್ ಮೂಲಕ 6,900 ಚಿಲ್ಲರೆ, ಅದು ಹೆಚ್ಚುಕಡಿಮೆ ದಾರಿಯಲ್ಲೇ ಸಿಗುವ ಊರು. ದೆಹಲಿಗೆ ಹೋಗಿ ಹೋದರೆ 7,600. ಈ ದೆಹಲಿ ಲೆಕ್ಕ ನನಗೆ ತುಂಬಾ ಇಷ್ಟ. ಬೆಂಗಳೂರು, ದೆಹಲಿ ಎರಡೂ ಹೆಚ್ಚುಕಡಿಮೆ ಒಂದೇ ರೇಖಾಂಶ, 77 ಡಿಗ್ರಿ. ಆದರೂ ದೆಹಲಿಯಿಂದ ಟೋಕಿಯೊ 5,900 ಕಿ.ಮೀ. ಮಾತ್ರ, ನಮಗಿಂತ 800 ಕಡಿಮೆ. ಟೋಕಿಯೊ 35 ಡಿಗ್ರಿ ಉತ್ತರದಲ್ಲಿದೆ, ದೆಹಲಿ 28ರ ಮೇಲಿದೆ, ನಾವು 13ರಲ್ಲಿದ್ದೇವೆ. ನೂಲು ಹಿಡಿದು ನೋಡಿದರೆ ಒಂದೇ ಕ್ಷಣಕ್ಕೆ ಗೊತ್ತಾಗುತ್ತದೆ.

ಒಬ್ಬರೇ ಹೋಗುವ ಅಮ್ಮನಿಗೆ ನೇರ ವಿಮಾನ ಹಿಡಿದಿದ್ದೀರಿ, ಒಳ್ಳೆಯ ಕೆಲಸ ಮಾಡಿದ್ದೀರಿ. ದುಡ್ಡು ಸ್ವಲ್ಪ ಜಾಸ್ತಿ ಆಗಿರಬಹುದು. ನಡುವೆ ಗೊತ್ತಿಲ್ಲದ ಏರ್‌ಪೋರ್ಟ್‌ನಲ್ಲಿ ಗೇಟ್ ಹುಡುಕುವ ಕಷ್ಟ ತಪ್ಪಿತು.

---

ಎರಡು ಮಕ್ಕಳ ತಾಯಿ, ಸೈತಾಮಾ

ದೂರ, ಗಂಟೆ ಎಲ್ಲ ಸರಿ. ನಾನು ಬರೆಯುತ್ತಿರುವುದು ತಾರೀಕಿನ ಬಗ್ಗೆ. ದಯವಿಟ್ಟು ಇದನ್ನು ಎರಡು ಸಲ ಓದಿ.

"ಜನವರಿ 15ರ ರಾತ್ರಿ 2:30" ಅಂತ ಬರೆದಿದ್ದೀರಿ. ಟಿಕೆಟ್ ಪ್ರಕಾರ 15ನೇ ತಾರೀಕು ಶುರುವಾಗುವುದು 14ರ ರಾತ್ರಿ 12 ಗಂಟೆಗೆ. ಅಂದರೆ ನೀವು ಮೈಸೂರು ಬಿಡಬೇಕಾಗಿರುವುದು 14ನೇ ತಾರೀಕು ಮಧ್ಯಾಹ್ನ. 15ರಂದು ಊಟ ಮಾಡಿ ಹೊರಟರೆ ವಿಮಾನ ಹೋಗಿ ಹನ್ನೆರಡು ಗಂಟೆ ಆಗಿರುತ್ತದೆ.

ನನ್ನ ಮೊದಲ ಬಾಣಂತನಕ್ಕೆ ನಮ್ಮಮ್ಮ ಬರಬೇಕಿತ್ತು. ಅಪ್ಪ ಅಮ್ಮ ಇಬ್ಬರೂ ಶಿವಮೊಗ್ಗದಿಂದ ಚೀಲಗಳನ್ನೆಲ್ಲ ಹೊತ್ತುಕೊಂಡು ದೇವನಹಳ್ಳಿಗೆ ಬಂದರು, ಬಂದದ್ದು ಒಂದು ದಿನ ತಡವಾಗಿ. ಟಿಕೆಟ್ ಮಾಡಿಸಿಕೊಟ್ಟವರು "ಹತ್ತನೇ ತಾರೀಕು ರಾತ್ರಿ" ಅಂತ ಬಾಯಲ್ಲಿ ಹೇಳಿದ್ದರು, ಇವರು ಹತ್ತರ ರಾತ್ರಿಯೇ ಬಂದರು. ಬಾಗಿಲಲ್ಲಿ ಟಿಕೆಟ್ ನೋಡಿದವರು "ಇದು ನಿನ್ನೆಯದು ಅಮ್ಮಾ" ಅಂದರಂತೆ. ಹೊಸ ಟಿಕೆಟ್‌ಗೆ ಎರಡರಷ್ಟು ದುಡ್ಡು. ಅದಕ್ಕಿಂತ ಹೆಚ್ಚಾಗಿ, ಅಮ್ಮ ಬರುವಷ್ಟರಲ್ಲಿ ನನಗೆ ಹೆರಿಗೆ ಆಗಿಹೋಗಿತ್ತು. ಆ ಎರಡು ದಿನ ನಾನು ಅಮ್ಮ ಇಲ್ಲದೆ ಕಳೆದದ್ದನ್ನು ಈಗಲೂ ಮರೆತಿಲ್ಲ. ಅದಕ್ಕೇ ಯಾರು ಕೇಳಲಿ ಬಿಡಲಿ ಇದನ್ನು ಎಲ್ಲರಿಗೂ ಹೇಳುತ್ತೇನೆ.

ವಾಪಸ್ ಬರುವಾಗಲೂ ಹಾಗೇ. ನರಿತಾ ಬಿಡುವುದು 28, ಬೆಂಗಳೂರು ಮುಟ್ಟುವುದು 29 ಶುರುವಾಗಿ ನಲವತ್ತು ನಿಮಿಷಕ್ಕೆ. ನೀವು ಕರೆದುಕೊಂಡು ಬರಲು 28ರ ಸಂಜೆಯೇ ಮೈಸೂರು ಬಿಡಬೇಕು. ಮೈಸೂರಿಂದ ಏರ್‌ಪೋರ್ಟ್‌ಗೆ ಕೆಎಸ್‌ಆರ್‌ಟಿಸಿ ಫ್ಲೈಬಸ್ ಇದೆ, ನಾಲ್ಕು ಗಂಟೆ ಅಂತ ಹಿಡಿದುಕೊಳ್ಳಿ, ಟ್ರಾಫಿಕ್ ಇದ್ದರೆ ಇನ್ನೂ ಜಾಸ್ತಿ. ವಿಮಾನಕ್ಕೆ ಮೂರು ಗಂಟೆ ಮುಂಚೆ ಅಲ್ಲಿರಬೇಕು.

ಎಂಟು ಗಂಟೆ ಅಂತ ಎಲ್ಲರೂ ಹೇಳುತ್ತಾರೆ, ಮನೆಯಿಂದ ಮನೆಗೆ ಲೆಕ್ಕ ಹಾಕಿ ನೋಡಿ. ಮೈಸೂರಿಂದ ದೇವನಹಳ್ಳಿ ನಾಲ್ಕು, ಅಲ್ಲಿ ಕಾಯುವುದು ಮೂರು, ವಿಮಾನದಲ್ಲಿ ಎಂಟು, ನರಿತಾದಲ್ಲಿ ಇಮಿಗ್ರೇಷನ್, ಚೀಲ, ಕಸ್ಟಮ್ಸ್ ಅಂತ ಒಂದೂವರೆ. ನಿಮ್ಮ ತಂಗಿ ಚಿಬಾದಲ್ಲೇ ಇರುವುದು ಅನುಕೂಲ. ನರಿತಾ ಇರುವುದೂ ಚಿಬಾ ಪ್ರಾಂತದಲ್ಲೇ, ಟೋಕಿಯೊ ಊರೊಳಗೆ ಅಲ್ಲ. ಟೋಕಿಯೊ ಸ್ಟೇಷನ್‌ಗೆ ಅಲ್ಲಿಂದ ಅರವತ್ತು ಕಿ.ಮೀ. ಮೇಲೆ, ನರಿತಾ ಎಕ್ಸ್‌ಪ್ರೆಸ್ ರೈಲಿನಲ್ಲೇ ಒಂದು ಗಂಟೆ. ನಾನು ಸೈತಾಮಾದವಳು, ನಮ್ಮಮ್ಮ ಬಂದಾಗ ನನಗೆ ಇನ್ನೂ ಎರಡು ಗಂಟೆ ಸೇರಿತ್ತು. ಅಂತೂ ಒಟ್ಟು ಹದಿನೆಂಟು ಗಂಟೆ ಅಂದುಕೊಳ್ಳಿ. ಅಮ್ಮನ ಊಟ, ಮಾತ್ರೆ, ನಿದ್ದೆ ಈ ಹದಿನೆಂಟಕ್ಕೆ ಹೊಂದಿಸಿ, ಎಂಟಕ್ಕೆ ಅಲ್ಲ.

ಮಾತ್ರೆ ಅಂದೆನಲ್ಲ. ಅಮ್ಮ ಇರುವುದು ಎರಡೂವರೆ ತಿಂಗಳು. ಡಾಕ್ಟರ್ ಚೀಟಿಯ ಮೇಲೆ ಕೊಡುವ ಔಷಧಿಯನ್ನು ಜಪಾನಿಗೆ ಸುಮ್ನೆ ತರಬಹುದಾದದ್ದು ಒಂದು ತಿಂಗಳಿಗೆ ಆಗುವಷ್ಟು. ಅದಕ್ಕಿಂತ ಜಾಸ್ತಿ ಆದರೆ ಮೊದಲೇ ಅರ್ಜಿ ಹಾಕಿ "ಯುನ್ಯು ಕಾಕುನಿನ್‌ಶೋ" ಅನ್ನುವ ಕಾಗದ ತೆಗೆದುಕೊಳ್ಳಬೇಕು. ತಂಗಿಗೆ ಹೇಳಿ, ಅಲ್ಲಿಂದಲೇ ಮಾಡುತ್ತಾಳೆ. ಚೀಟಿಯ ಪ್ರತಿ ಕೈಚೀಲದಲ್ಲಿರಲಿ. ಶುಗರ್ ಮಾತ್ರೆ ಇದ್ದರೆ ಮೂರೂವರೆ ಗಂಟೆ ಮುಂದೆ ಹೋಗುವುದನ್ನು ಡಾಕ್ಟರಿಗೆ ಹೇಳಿ ಯಾವಾಗ ತೆಗೆದುಕೊಳ್ಳಬೇಕು ಅಂತ ಬರೆಸಿಕೊಳ್ಳಿ.

ಬಾಣಂತಿಗೆ ಅಂತ ಅಮ್ಮಂದಿರು ಎಲ್ಲ ಕಟ್ಟಿಕೊಳ್ಳುತ್ತಾರೆ, ನನಗೆ ಗೊತ್ತು. ಹಸಿ ಕರಿಬೇವು, ಹಣ್ಣು, ತರಕಾರಿ ಬೇಡ. ಸರ್ಟಿಫಿಕೇಟ್ ಇಲ್ಲದಿದ್ದರೆ ಅಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ. ಊಟಕ್ಕೆ ಹಿಂದೂ ವೆಜಿಟೇರಿಯನ್ ಅಂತ ಈಗಲೇ ಬುಕ್ ಮಾಡಿ, ಹತ್ತಿದ ಮೇಲೆ ಕೇಳಿದರೆ ಸಿಗುವುದಿಲ್ಲ. ವೀಲ್‌ಚೇರ್ ಕೂಡ ಬರೆಸಿ. ನಡೆಯಲು ಬರುತ್ತದೆ ಅಂತ ಅಮ್ಮ ಬೇಡ ಅನ್ನುತ್ತಾರೆ. ವೀಲ್‌ಚೇರ್ ತಳ್ಳುವವರು ಇಮಿಗ್ರೇಷನ್, ಚೀಲ ಎಲ್ಲ ದಾಟಿಸಿ ನೇರ ನಿಮ್ಮ ತಂಗಿ ಕೈಗೆ ಒಪ್ಪಿಸುತ್ತಾರೆ. ಭಾಷೆ ಬಾರದವರಿಗೆ ಅದೇ ದೊಡ್ಡ ಆಸರೆ.

---

ಕುಕ್ಕರಹಳ್ಳಿ ದಂಡೆ

ಅಕ್ಕಾ, ಕೈ ಮುಗಿದೆ. ನಿಜ ಹೇಳುತ್ತೇನೆ, ನಾವು ಗೋಡೆ ಕ್ಯಾಲೆಂಡರಿನಲ್ಲಿ 15ಕ್ಕೇ ಗುಂಡು ಸುತ್ತಿದ್ದೆವು. ಕಾರು ಕೂಡ 15ರ ಸಂಜೆಗೆ ಹೇಳಿದ್ದೆ. ನಿಮ್ಮದು ಓದಿದ ತಕ್ಷಣ ಎದೆ ಧಸಕ್ ಅಂತು. ಈಗ 14ಕ್ಕೆ ಬದಲಾಯಿಸಿದೆ. ಸಂಕ್ರಾಂತಿ ಆಸುಪಾಸು, ಗಾಡಿ ಸಿಗುವುದೂ ಕಷ್ಟ ಇತ್ತು. ಔಷಧಿ ಕಾಗದದ ವಿಷಯ ತಂಗಿಗೆ ಹೇಳಿದ್ದೇನೆ, ಇವತ್ತೇ ನೋಡುತ್ತಾಳೆ.

---

ನರಿತಾ ಲೈನ್

ಇನ್ನೊಂದು ಹೇಳುವುದು ಮರೆತಿದ್ದೆ. ಪೂರ್ವಕ್ಕೆ ಹೋಗುವುದರಿಂದ ರಾತ್ರಿ ತುಂಬಾ ಚಿಕ್ಕದಾಗುತ್ತದೆ. ಹೊರಟು ಮೂರು ಗಂಟೆ ಆಗುವಷ್ಟರಲ್ಲಿ, ಮ್ಯಾನ್ಮಾರ್ ದಾಟುವ ಹೊತ್ತಿಗೆ, ಕಿಟಕಿಯಲ್ಲಿ ಬೆಳಕು ಬರುತ್ತದೆ. ಮೈಸೂರಲ್ಲಿ ಆಗ ಐದೂವರೆ, ಇನ್ನೂ ಕತ್ತಲು. ಏನಪ್ಪಾ ಇಷ್ಟು ಬೇಗ ಬೆಳಗಾಯಿತು ಅಂತ ಅಮ್ಮ ಗಾಬರಿ ಆಗಬಾರದು. ಬರುವಾಗ ಕತ್ತಲಾದ ಮೇಲೆ ಹೊರಟು ಕತ್ತಲ ಜೊತೆಗೇ ಪಶ್ಚಿಮಕ್ಕೆ ಬರುತ್ತಾರೆ, ಒಂಬತ್ತೂವರೆ ಗಂಟೆಯೂ ರಾತ್ರಿಯೇ. ಚೆನ್ನಾಗಿ ನಿದ್ದೆ ಮಾಡಬಹುದು. ನಡುವೆ ಎರಡು ಮೂರು ಸಲ ಎದ್ದು ಓಡಾಡಲಿ, ನೀರು ಕುಡಿಯಲಿ, ಇಲ್ಲದಿದ್ದರೆ ಕಾಲು ಊದಿಕೊಳ್ಳುತ್ತದೆ.

---

ಭೂಗೋಳದ ಮೇಷ್ಟ್ರು

ಮುಂದಿನ ಸೀಟಿನ ಹಿಂದೆ ಇರುವ ಪರದೆಯಲ್ಲಿ ನಕ್ಷೆ ಬರುತ್ತದೆ. ಅದನ್ನು ಹಾಕಿಸಿಕೊಳ್ಳಲು ಹೇಳಿ. ನೆಲದ ಮೇಲಿನ ವೇಗ ಅಂತ ಒಂದು ಸಂಖ್ಯೆ ತೋರಿಸುತ್ತಾರೆ. ಬಂಗಾಳ ಕೊಲ್ಲಿಯ ಮೇಲೆ ಒಂದು ಸಲ, ಚೀನಾ ದಾಟಿ ಸಮುದ್ರಕ್ಕೆ ಬಂದಾಗ ಒಂದು ಸಲ ಬರೆದುಕೊಳ್ಳಲಿ. ಬರುವಾಗಲೂ ಬರೆದುಕೊಳ್ಳಲಿ. ಸಾಧ್ಯವಾದರೆ ಇಲ್ಲಿ ಹಾಕಿ, ನನಗೆ ನೋಡುವ ಆಸೆ.

---

ಕುಕ್ಕರಹಳ್ಳಿ ದಂಡೆ

ಅಮ್ಮ ತಲುಪಿದರು! ತುಂಬಾ ಜನ ಸಹಾಯ ಮಾಡಿದಿರಿ, ಅದಕ್ಕೆ ಬರೆಯುತ್ತಿದ್ದೇನೆ. 1:40ಕ್ಕೇ ಇಳಿಸಿದರಂತೆ, ಇಪ್ಪತ್ತು ನಿಮಿಷ ಮುಂಚೆ. ವೀಲ್‌ಚೇರ್ ತಳ್ಳಿದ ಹುಡುಗಿ ತಂಗಿ ಹತ್ತಿರ ಬಿಟ್ಟು ಬಗ್ಗಿ ನಮಸ್ಕಾರ ಮಾಡಿ ಹೋದಳಂತೆ. ಅಮ್ಮ ಅವಳಿಗೆ ಕೈಚೀಲದಿಂದ ಎಳ್ಳು ಬೆಲ್ಲದ ಪೊಟ್ಟಣ ತೆಗೆದುಕೊಟ್ಟರಂತೆ.

ಮೇಷ್ಟ್ರೇ, ತಂಗಿ ಆ ಲಗ್ನಪತ್ರಿಕೆಯ ಫೋಟೊ ಕಳಿಸಿದ್ದಾಳೆ. ಹಿಂಬದಿಯಲ್ಲಿ ಅಮ್ಮನ ಕೈಬರಹ: "ಸಮುದ್ರದ ಮೇಲೆ 930. ಬೆಳಕಾದ ಮೇಲೆ ಚೀನಾ 1,040. ಆಮೇಲೆ ಮತ್ತೆ ಸಮುದ್ರ, 1,130. ನೀರಿನ ಜೊತೆ." ಕೆಳಗೆ ಒಂದು ಗೆರೆ ಎಳೆದು "ಬರುವಾಗ" ಅಂತ ಬರೆದು ಜಾಗ ಖಾಲಿ ಬಿಟ್ಟಿದ್ದಾರೆ. ಮಾರ್ಚ್ 29ಕ್ಕೆ ಅದನ್ನೂ ಇಲ್ಲೇ ಹಾಕುತ್ತೇನೆ.